ಸ್ಮರಣ ಸಂಚಿಕೆಯ ಲೇಖನಗಳನ್ನು ವರ್ಡ್‌ನಲ್ಲಿ ಒಂದು ಹದಕ್ಕೆ ತರುವುದು ಹೇಗೆ? ಅನುಭವ ಇರುವವರು ತಿಳಿಸಿ

ಮುಳಬಾಗಿಲಿನಿಂದ ಕೇಳಿದ್ದು:
ನಾನು ಪಾಠ ಮಾಡುವ ಪ್ರೌಢಶಾಲೆಗೆ ಐವತ್ತು ವರ್ಷ ತುಂಬುತ್ತಿದ್ದು, ಸ್ಮರಣ ಸಂಚಿಕೆಯ ಸಂಪಾದನೆ ನನ್ನ ಪಾಲಿಗೆ ಬಂದಿದೆ. ಇದುವರೆಗೆ 38 ಲೇಖನಗಳು ಬಂದಿವೆ. ಕೆಲವರು ‘ನುಡಿ’ ತಂತ್ರಾಂಶದಲ್ಲಿ, ಕೆಲವರು ‘ಬರಹ’ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿಸಿದ್ದಾರೆ. ಹಳೆಯ ವಿದ್ಯಾರ್ಥಿಗಳು ಮೊಬೈಲಿನಲ್ಲಿ ಬರೆದು ವಾಟ್ಸಾಪ್ ಮಾಡಿದ್ದಾರೆ. ಎಲ್ಲವನ್ನೂ ಒಂದೇ ಕಡತಕ್ಕೆ ತಂದರೆ ಅರ್ಧದಷ್ಟು ಪುಟಗಳು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಎಲ್ಲಿಂದ ಶುರು ಮಾಡಲಿ?

ತುಮಕೂರಿನಿಂದ:
ಮೇಷ್ಟ್ರೇ, ಬೇರೆ ಯಾವುದಕ್ಕೂ ಕೈ ಹಾಕುವ ಮೊದಲು ಮುದ್ರಣಾಲಯದವರನ್ನು ಒಂದು ಮಾತು ಕೇಳಿ: ಅವರು ಪುಟ ಕಟ್ಟುವುದು ಪೇಜ್‌ಮೇಕರ್‌ನಲ್ಲೋ, ಇನ್‌ಡಿಸೈನ್‌ನಲ್ಲೋ? ನಮ್ಮ ಜಿಲ್ಲೆಗಳ ಎಷ್ಟೋ ಡಿಟಿಪಿ ಕೇಂದ್ರಗಳಲ್ಲಿ ಇಂದಿಗೂ ಪೇಜ್‌ಮೇಕರ್ ನಡೆಯುತ್ತಿದೆ, ಮತ್ತು ಅದಕ್ಕೆ ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಪದ್ಧತಿ) ಗೊತ್ತಿಲ್ಲ. ಹಾಗಿದ್ದಲ್ಲಿ ನೀವು ಯೂನಿಕೋಡ್‌ನಲ್ಲಿ ತಿದ್ದಿ ಕೊಟ್ಟದ್ದನ್ನು ಅವರು ಮತ್ತೆ ನುಡಿಗೆ ತಿರುಗಿಸುತ್ತಾರೆ. ಆ ತಿರುವಿನಲ್ಲಿ ಹೊಸ ತಪ್ಪುಗಳು ನುಸುಳುತ್ತವೆಯಾದ್ದರಿಂದ ಕೊನೆಯ ಕರಡನ್ನು ಅವರ ಪುಟಗಳ ಮೇಲೆಯೇ ಓದಬೇಕಾಗುತ್ತದೆ. ಆದರೂ ತಿದ್ದುವ ಕೆಲಸವನ್ನು ಯೂನಿಕೋಡ್‌ನಲ್ಲೇ ಮಾಡಿ ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಪದ ಹುಡುಕುವುದು, ಬದಲಿಸುವುದು, ಅಕಾರಾದಿಯಾಗಿ ಜೋಡಿಸುವುದು ಸರಾಗವಾಗಿ ಆಗುವುದು ಅಲ್ಲಿ ಮಾತ್ರ.

ನುಡಿ ಮತ್ತು ಬರಹದ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು ಕೂರಿಸಿಕೊಂಡಿವೆ. ಫಾಂಟ್ ಬದಲಾದ ಕೂಡಲೇ ಒಳಗಿನ ಇಂಗ್ಲಿಷ್ ಹೊರಗೆ ಬರುತ್ತದೆ. ನಿಮಗೆ ಕಾಣುತ್ತಿರುವುದು ಅದೇ. ಎರಡೂ ತಂತ್ರಾಂಶಗಳ ಜೊತೆ ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕ ಸಿಗುತ್ತದೆ. ಲೇಖನಗಳನ್ನು ಒಂದುಗೂಡಿಸುವ ಮೊದಲೇ, ಒಂದೊಂದನ್ನೂ ಬೇರೆಯಾಗಿ ಪರಿವರ್ತಿಸಿ, ಮೂಲ ಕಡತವನ್ನು ಮುಟ್ಟದೆ ಇಟ್ಟುಕೊಳ್ಳಿ. ಲೇಖನದ ನಡುವೆ ನಿಜವಾದ ಇಂಗ್ಲಿಷ್ ಪದವಿದ್ದರೆ ಪರಿವರ್ತಕ ಅದನ್ನೂ ಕನ್ನಡವೆಂದು ತಿಳಿದು ಕೆಡಿಸಬಹುದು, ಆದ್ದರಿಂದ ಅಂಥ ಪದಗಳನ್ನು ಮೊದಲೇ ಗುರುತು ಹಾಕಿಕೊಳ್ಳಿ.

ಪರಿವರ್ತನೆಯಾದ ಮೇಲೆ ಅರ್ಕಾವೊತ್ತು ಇರುವ ಪದಗಳನ್ನು ಕಣ್ಣಿಟ್ಟು ನೋಡಿ. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಈ ಅದಲುಬದಲಿನಲ್ಲಿ ‘ಮಾರ್ಗದರ್ಶನ’, ‘ಪೂರ್ಣ’, ‘ವಾರ್ಷಿಕೋತ್ಸವ’ದಂಥ ಪದಗಳು ಕೆಡುತ್ತವೆ. ನಾನು ಸಂಪಾದಿಸಿದ ಮೊದಲ ಪುಸ್ತಕದಲ್ಲಿ ಇದನ್ನು ಗಮನಿಸದೆ, ಅಚ್ಚಾಗಿ ಬಂದ ಪ್ರತಿಯಲ್ಲಿ ಒಬ್ಬ ಹಿರಿಯರ ಹೆಸರೇ ತಪ್ಪಾಗಿರುವುದನ್ನು ನೋಡಿದೆ. ಅವರು ಒಂದು ಮಾತೂ ಆಡಲಿಲ್ಲ. ನನಗೆ ಇಂದಿಗೂ ನೋವಿದೆ. ಜನರ ಹೆಸರುಗಳನ್ನು ಮೂಲದೊಂದಿಗೆ ತಾಳೆ ನೋಡದೆ ಮುಂದೆ ಹೋಗಬೇಡಿ.

ಮೊಬೈಲಿನಿಂದ ಬಂದ ಲೇಖನಗಳಲ್ಲಿ ಕಣ್ಣಿಗೆ ಕಾಣದ ತಪ್ಪುಗಳಿರುತ್ತವೆ. ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆಯನ್ನು ಒತ್ತಿದರೆ ‘ಮುಂದೆ’ ಎಂಬುದು ‘ಮು೦ದೆ’ ಆಗುತ್ತದೆ. ಓದುವಾಗ ಗೊತ್ತಾಗುವುದಿಲ್ಲ, ಹುಡುಕಿದಾಗ ಮಾತ್ರ ಆ ಪದ ಸಿಗುವುದೇ ಇಲ್ಲ. ಕಂಟ್ರೋಲ್ ಮತ್ತು ಎಚ್ ಒತ್ತಿ ಸೊನ್ನೆಗೆ ಬದಲಾಗಿ ಅನುಸ್ವಾರ ಕೊಡಬಹುದು. ಆದರೆ ಲೇಖನದಲ್ಲಿ ಇಸವಿಗಳು ಕನ್ನಡ ಅಂಕಿಯಲ್ಲಿದ್ದರೆ ಎಲ್ಲವನ್ನೂ ಒಂದೇ ಏಟಿಗೆ ಬದಲಿಸಬೇಡಿ, ‘೨೦೦೫’ ಹಾಳಾಗುತ್ತದೆ; ಒಂದೊಂದಾಗಿ ನೋಡುತ್ತ ಹೋಗಿ. ಹಾಗೆಯೇ ‘ಹೆಡ್‌ಮಾಸ್ಟರ್’ ಎಂದು ಒಬ್ಬರು, ‘ಹೆಡ್ಮಾಸ್ಟರ್’ ಎಂದು ಇನ್ನೊಬ್ಬರು ಬರೆದಿರುತ್ತಾರೆ. ಮೊದಲನೆಯದರಲ್ಲಿ ಒತ್ತಕ್ಷರವಾಗದಂತೆ ತಡೆಯುವ, ಅಗಲವೇ ಇಲ್ಲದ ಒಂದು ಚಿಹ್ನೆ ಅಡಗಿದೆ. ವರ್ಡ್‌ನಲ್ಲಿ 200ಸಿ ಎಂಬುದನ್ನು ಇಂಗ್ಲಿಷ್ ಕೀಲಿಯಲ್ಲಿ ಒತ್ತಿ, ಕೂಡಲೇ ಆಲ್ಟ್ ಮತ್ತು ಎಕ್ಸ್ ಒತ್ತಿದರೆ ಅದು ಬರುತ್ತದೆ. ‘ರ್ಯಾಂಕ್’ ಎಂದು ಅರ್ಕಾವೊತ್ತು ಬಂದುಬಿಟ್ಟಲ್ಲಿ ‘ರ‍್ಯಾಂಕ್’ ಆಗಬೇಕಾದರೆ ರಕಾರಕ್ಕೂ ಹಲಂತಕ್ಕೂ (ಅರ್ಧಾಕ್ಷರ ಮಾಡುವ ‘್’ ಚಿಹ್ನೆಗೂ) ನಡುವೆ ಕೂಡಿಸುವ ಚಿಹ್ನೆಯಾದ 200ಡಿ ಬೇಕು. ಇಂಥ ಪದಗಳ ಸರಿಯಾದ ರೂಪವನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು, ಅಲ್ಲಿಂದಲೇ ನಕಲಿಸಿ ಬದಲಿಸಿದರೆ ಕೆಲಸ ಹಗುರವಾಗುತ್ತದೆ.

ಚಿಂತಾಮಣಿಯಿಂದ:
ನಾನು ಡಿಟಿಪಿ ಕೆಲಸ ಮಾಡುವವಳು. ತುಮಕೂರಿನ ಅಣ್ಣನವರು ಹೇಳಿದ್ದೆಲ್ಲ ಮುಗಿದ ಮೇಲೆ ಸ್ಟೈಲ್‌ಗಳನ್ನು (ಅಕ್ಷರದ ರೂಪ, ಅಳತೆಗಳನ್ನು ಒಂದು ಹೆಸರಿನಡಿ ಕೂಡಿಟ್ಟ ವಿನ್ಯಾಸಗಳನ್ನು) ಬಳಸಿ ಎಂದು ಕೈಮುಗಿದು ಕೇಳುತ್ತೇನೆ. ಲೇಖನದ ಶೀರ್ಷಿಕೆಯನ್ನು ಕೈಯಿಂದ ದಪ್ಪ ಮಾಡಿ ಅಳತೆ ಹೆಚ್ಚಿಸುವ ಬದಲು ಹೆಡಿಂಗ್ 1 ಎಂದು ಗುರುತಿಸಿದರೆ, ಪರಿವಿಡಿಯನ್ನು ವರ್ಡ್ ತಾನೇ ಕಟ್ಟಿಕೊಡುತ್ತದೆ ಮತ್ತು ಪುಟಗಳು ಹಿಂದುಮುಂದಾದರೆ ಅಪ್‌ಡೇಟ್ ಮಾಡಿದ ಕೂಡಲೇ ಸಂಖ್ಯೆಗಳೂ ಸರಿಹೋಗುತ್ತವೆ. ಸ್ಟೈಲ್‌ನ ಫಾಂಟ್ ಚೌಕದಲ್ಲಿ ಕನ್ನಡಕ್ಕೆ ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್ ಎಂಬ ಪ್ರತ್ಯೇಕ ಜಾಗವಿದೆ. ಅಲ್ಲಿ ಫಾಂಟ್ ಮತ್ತು ಅಳತೆ ಕೊಡದಿದ್ದರೆ ಎಷ್ಟು ಬದಲಿಸಿದರೂ ಕನ್ನಡ ಅಲುಗುವುದಿಲ್ಲ, ಇಂಗ್ಲಿಷ್ ಮಾತ್ರ ಬದಲಾಗುತ್ತದೆ. ಲಿಬ್ರೆಆಫೀಸ್‌ನಲ್ಲೂ ಹೀಗೆಯೇ ಬೇರೆ ಜಾಗವಿದೆ. ಖಾಲಿ ಸಾಲುಗಳಿಗೆ ಎಂಟರ್ ಒತ್ತುತ್ತಾ ಹೋಗಬೇಡಿ, ಹೊಸ ಪುಟಕ್ಕೆ ಕಂಟ್ರೋಲ್ ಮತ್ತು ಎಂಟರ್ ಸಾಕು. ಪುಟದ ಅಳತೆಯನ್ನು ಮೊದಲ ದಿನವೇ ನಿಶ್ಚಯಿಸಿ. ಡೆಮಿ ಅಷ್ಟದಳವಾದರೆ ಐದೂವರೆಗೆ ಎಂಟೂವರೆ ಅಂಗುಲ. ಒಳಪುಟಗಳು 16ರ ಲೆಕ್ಕಕ್ಕೆ ಬರುವಂತೆ ನೋಡಿಕೊಂಡರೆ ಫಾರಂ (ಒಟ್ಟಿಗೆ ಅಚ್ಚಾಗುವ 16 ಪುಟಗಳ ಕಂತೆ) ವ್ಯರ್ಥವಾಗುವುದಿಲ್ಲ.

ಕೋಲಾರದಿಂದ:
ಒಂದು ಸೇರಿಸುತ್ತೇನೆ. ಬರೆದವರಿಗೆ ತಿದ್ದಿದ ಪ್ರತಿಯನ್ನು ಕಳಿಸುವಾಗ ಟ್ರ್ಯಾಕ್ ಚೇಂಜಸ್ ಚಾಲೂ ಮಾಡಿ ತಿದ್ದಿ, ಅವರ ಮಾತನ್ನು ನೀವು ಎಲ್ಲಿ ಮುಟ್ಟಿದ್ದೀರಿ ಎಂಬುದು ಅವರಿಗೆ ಕಾಣಲಿ. ನಿವೃತ್ತ ಗುರುಗಳ ಲೇಖನವನ್ನು ತಿದ್ದುವಾಗ ಇದು ಗೌರವದ ವಿಷಯವೂ ಹೌದು. ಕಂಪ್ಯೂಟರ್ ಬಾರದವರಿಗೆ ಅದೇ ಗುರುತುಗಳೊಂದಿಗೆ ಕಾಗದದ ಮೇಲೆ ತೆಗೆದು ಮನೆಗೆ ಕೊಟ್ಟು ಬನ್ನಿ. ಮುದ್ರಣಕ್ಕೆ ಕಳಿಸುವ ಕಡತದಲ್ಲಿ ಮಾತ್ರ ಎಲ್ಲ ಬದಲಾವಣೆಗಳನ್ನೂ ಒಪ್ಪಿಕೊಂಡು, ಟಿಪ್ಪಣಿಗಳನ್ನು ಅಳಿಸಿ, ಫಾಂಟ್‌ಗಳು ಒಳಗೇ ಸೇರಿರುವ ಪಿಡಿಎಫ್ ಒಂದನ್ನು ಜೊತೆಗಿಡಿ. ಅವರ ಯಂತ್ರದಲ್ಲಿ ಪದ ಒಡೆದು ಕಂಡರೆ ಸರಿಯಾದದ್ದು ಯಾವುದೆಂದು ತೋರಿಸಲು ಆ ಪಿಡಿಎಫ್ ಬೇಕಾಗುತ್ತದೆ.