ಪ್ಯಾರಿಸ್-ರೂಬೆ: ಚೀಟಿಯಲ್ಲಿ ಯಾರ ಹೆಸರು ಬರೆಯಲಿ?

ಕೇಳಿದವರು, ಐಂಡ್‌ಹೋವನ್‌ನಿಂದ:
ಎಲ್ಲರಿಗೂ ನಮಸ್ಕಾರ. ನಮ್ಮ ಆಫೀಸಿನಲ್ಲಿ ಪ್ರತಿ ಏಪ್ರಿಲ್‌ನಲ್ಲಿ ಒಂದು ಆಟ ಇದೆ. ಪ್ಯಾರಿಸ್-ರೂಬೆ ಸೈಕಲ್ ರೇಸಿನಲ್ಲಿ ಮೊದಲ ಮೂರು ಸ್ಥಾನ ಯಾರಿಗೆ ಅಂತ ಶುಕ್ರವಾರವೇ ಚೀಟಿ ಬರೆದು ಕೊಡಬೇಕು. ದುಡ್ಡಿನ ಮಾತಿಲ್ಲ. ಕೊನೆಗೆ ಉಳಿದವರು ಸೋಮವಾರ ಎಲ್ಲರಿಗೂ ಕೇಕ್ ತರಬೇಕು, ಅಷ್ಟೇ. 2025ರಲ್ಲಿ ತಂದಿದ್ದು ನಾನು. ಹಿಂದಿನ ಭಾನುವಾರ ಬೆಲ್ಜಿಯಂನ ಫ್ಲಾಂಡರ್ಸ್ ರೇಸು ಗೆದ್ದಿದ್ದ ಅಂತ ಪೊಗಾಚಾರ್ ಹೆಸರನ್ನು ಮೊದಲು ಬರೆದೆ, ಮೂರನೆಯದು ವಾನ್ ಆರ್ಟ್. ಪೊಗಾಚಾರ್ ಒಂದು ತಿರುವಿನಲ್ಲಿ ಬಿದ್ದು ಎರಡನೆಯವನಾದ, ವಾನ್ ಆರ್ಟ್ ನಾಲ್ಕನೆಯವನು. ಸ್ಥಾನವೂ ಸರಿಯಾಗಿರಬೇಕಂತೆ. ನನಗೆ ಸೊನ್ನೆ. ನೀವೆಲ್ಲ ಹೇಗೆ ಲೆಕ್ಕ ಹಾಕುತ್ತೀರಿ?

ಆಂಟ್ವರ್ಪ್‌ನಿಂದ:
ಮೇಡಂ, ಫ್ಲಾಂಡರ್ಸ್ ನೋಡಿ ರೂಬೆ ಬರೆಯುವುದು ಎಲ್ಲರೂ ಮಾಡುವ ತಪ್ಪು. ಎರಡರಲ್ಲೂ ಕಲ್ಲು ಹಾಸಿದ ರಸ್ತೆ ಇದೆ, ನಿಜ. ಆದರೆ ಫ್ಲಾಂಡರ್ಸ್‌ನಲ್ಲಿ ಕಲ್ಲಿನ ಜೊತೆ ಏರು ಇದೆ. ಔಡೆ ಕ್ವಾರೆಮಾಂಟ್, ಪಾಟರ್‌ಬರ್ಗ್ ಹತ್ತುವಾಗ ಹಗುರ ಮೈಯವನು ಉಳಿದವರನ್ನು ಕಳಚಿ ಹೋಗುತ್ತಾನೆ. ರೂಬೆ ದಾರಿ ಚಪ್ಪಟೆ. ಸುಮಾರು 260 ಕಿ.ಮೀ., ಅದರಲ್ಲಿ 55 ಕಿ.ಮೀ. ಆಸುಪಾಸು ಕಲ್ಲು, ಹೆಚ್ಚುಕಡಿಮೆ 30 ತುಂಡುಗಳಲ್ಲಿ. ಇಲ್ಲಿ ಮೈಯಲ್ಲಿ ಸ್ವಲ್ಪ ತೂಕ ಇದ್ದವನದೇ ಮೇಲುಗೈ. ದೊಡ್ಡ ಮೈಯ ಬೂನೆನ್ ಇಲ್ಲಿ ನಾಲ್ಕು ಸಲ ಗೆದ್ದಿದ್ದು ಸುಮ್ನೆ ಅಲ್ಲ. ಪೊಗಾಚಾರ್ ಮೊದಲ ಸಲವೇ ಎರಡನೆಯವನಾದ ಅಂದರೆ ಅದು ಅವನೊಬ್ಬನ ಕಥೆ, ಅದರಿಂದ ಸೂತ್ರ ಮಾಡಬೇಡಿ.

ನಾನು ಈ ರೇಸಿನ ಹಿಂದಿನ ವರ್ಷಗಳ ಪಟ್ಟಿ ಇಟ್ಟುಕೊಂಡು, ಮೊದಲ ಇಪ್ಪತ್ತರಲ್ಲಿ ಮೂರ್ನಾಲ್ಕು ಸಲ ಬಂದವರಿಗೆ ಗುರುತು ಹಾಕುತ್ತೇನೆ. ಅಲ್ಲೇ ಅರ್ಧ ಕೆಲಸ ಮುಗಿಯುತ್ತದೆ. 2016ರಲ್ಲಿ ಗೆದ್ದ ಮ್ಯಾಥ್ಯೂ ಹೇಮನ್ ನೆನಪಿದೆಯಾ? ಆರು ವಾರದ ಹಿಂದೆ ಕೈ ಮುರಿದುಕೊಂಡು, ಮನೆಯೊಳಗೆ ಟ್ರೇನರ್ ಅನ್ನುವ ಯಂತ್ರದ ಮೇಲೆ ನಿಂತಲ್ಲೇ ಸೈಕಲ್ ತುಳಿದು ಬಂದವನು. ಯಾರ ಚೀಟಿಯಲ್ಲೂ ಇರಲಿಲ್ಲ. ಆದರೆ ವರ್ಷ ವರ್ಷ ಈ ರೇಸಿಗೆ ಬಂದು ಪ್ರತಿ ಕಲ್ಲೂ ಗೊತ್ತಿದ್ದವನು. ಐದನೇ ಗೆಲುವಿಗೆ ಬಂದಿದ್ದ ಬೂನೆನ್‌ನನ್ನೇ ಕೊನೆಯ ಓಟದಲ್ಲಿ ಹಿಂದೆ ಹಾಕಿದ.

ಬೆಂಗಳೂರಿನಿಂದ:
ಆಂಟ್ವರ್ಪ್ ಸರ್, ಅನುಭವ ಅನುಭವ ಅಂತೀರಲ್ಲ, 2021ಕ್ಕೆ ಏನು ಹೇಳುತ್ತೀರಿ? ಮೊದಲ ಮೂರು ಸ್ಥಾನ ಕೊಲ್ಬ್ರೆಲ್ಲಿ, ವೆರ್ಮೀರ್ಶ್, ವಾನ್ ಡರ್ ಪೂಲ್. ಮೂವರಿಗೂ ಅದು ಮೊದಲ ರೂಬೆ!

ಆಂಟ್ವರ್ಪ್‌ನಿಂದ:
ಸರಿಯಾಗಿ ಹಿಡಿದಿರಿ. ಆದರೆ ಆ ವರ್ಷ ಕೋವಿಡ್‌ನಿಂದ ರೇಸು ಅಕ್ಟೋಬರ್‌ಗೆ ಹೋಗಿತ್ತು. 2002ರ ನಂತರ ಮೊದಲ ಸಲ ಮಳೆಯ ರೂಬೆ. ಕಲ್ಲಿನ ಮೇಲೆ ಕೆಸರು, ಮುಖ ಯಾವುದು ಜೆರ್ಸಿ ಯಾವುದು ಗೊತ್ತಾಗುತ್ತಿರಲಿಲ್ಲ. ಒಬ್ಬನೇ ಮುಂದೆ ಹೋಗುತ್ತಿದ್ದ ಮೊಸ್ಕೋನ್‌ಗೆ ಪಂಚರ್, ಆಮೇಲೆ ಜಾರಿಯೂ ಬಿದ್ದ. ಹಾಗಾಗಿ ಭಾನುವಾರದ ಹವಾಮಾನ ಸೂಚನೆಯನ್ನು ಗುರುವಾರ ನೋಡಿಯೇ ಚೀಟಿ ಬರೆಯಿರಿ. ಮಳೆ ಅಂದರೆ ನನ್ನ ಪಟ್ಟಿ ಹರಿದು ಹಾಕಿ.

ಬ್ರಸೆಲ್ಸ್‌ನಿಂದ:
ರೇಸಿನ ಹಿಂದಿನ ದಿನ ಸಾಮಾನ್ಯರಿಗೂ ಆ ಕಲ್ಲಿನ ಮೇಲೆ ಸವಾರಿ ಇರುತ್ತದೆ. ನಾನು ಒಮ್ಮೆ ಚಿಕ್ಕ ಸುತ್ತು ಹೋಗಿದ್ದೆ. ನಮ್ಮ ದೇವಸ್ಥಾನದ ಹಾಸುಗಲ್ಲಿನ ಹಾಗೆ ಇರಬಹುದು ಅಂದುಕೊಂಡಿದ್ದೆ. ಅಲ್ಲವೇ ಅಲ್ಲ. ಇಡೀ ಬ್ರೆಡ್ಡಿನ ಗಾತ್ರದ ಕಲ್ಲುಗಳು, ಒಂದು ಎದ್ದಿದೆ, ಪಕ್ಕದ್ದು ಕುಸಿದಿದೆ. ಕಾರ್ಫೂರ್ ದ ಲಾರ್ಬ್ರ ಅನ್ನುವ ತುಂಡಿನಲ್ಲಿ ನೀರಿನ ಬಾಟಲಿ ಹಾರಿ ಗದ್ದೆಗೆ ಬಿತ್ತು. ನಿಂತು ತರುವ ಧೈರ್ಯ ಬರಲಿಲ್ಲ, ಮತ್ತೆ ಹತ್ತಲು ಆಗುತ್ತಿರಲಿಲ್ಲ. ಸಂಜೆ ಕಾಫಿ ಕಪ್ ಎರಡು ಕೈಯಲ್ಲಿ ಹಿಡಿದು ಕುಡಿದೆ.

ಅದೇ ತುಂಡಿನಲ್ಲಿ 2023ರಲ್ಲಿ ವಾನ್ ಆರ್ಟ್‌ಗೆ ಪಂಚರ್ ಆಯಿತು. ಅಲ್ಲಿಂದ ವಾನ್ ಡರ್ ಪೂಲ್ ಒಬ್ಬನೇ ಹೋಗಿ ಗೆದ್ದ. 2025ರಲ್ಲಿ ಅವನಿಗೂ ಕೊನೆಕೊನೆಗೆ ಪಂಚರ್ ಆಯಿತು, ಆದರೆ ಅಷ್ಟು ಹೊತ್ತಿಗೆ ಸಾಕಷ್ಟು ಮುಂದಿದ್ದ, ಸೈಕಲ್ ಬದಲಿಸಿ ಗೆದ್ದ. ಅಂದರೆ ಯಾರಿಗೂ ಪಂಚರ್ ತಪ್ಪಿದ್ದಲ್ಲ. ಆದಾಗ ತಂಡದ ಕಾರು ಎಷ್ಟು ಹತ್ತಿರ ಇದೆ, ಜೊತೆಗಾರ ಯಾರಿದ್ದಾನೆ ಅನ್ನುವುದೇ ಮುಖ್ಯ. ಒಂಟಿ ಹೀರೋನ ಹೆಸರು ನಾನು ಬರೆಯುವುದಿಲ್ಲ, ತಂಡ ನೋಡುತ್ತೇನೆ.

ಇನ್ನೊಂದು ಗುಟ್ಟು. 2023, 2024 ಎರಡರಲ್ಲೂ ಎರಡನೇ ಸ್ಥಾನ ಫಿಲಿಪ್ಸನ್‌ಗೆ. ಅವನು ವಾನ್ ಡರ್ ಪೂಲ್ ತಂಡದವನೇ. ಮುಂದೆ ತನ್ನವನೇ ಹೋಗುತ್ತಿರುವಾಗ ಇವನು ಹಿಂದಿನ ಗುಂಪಿನಲ್ಲಿ ಗಾಳಿ ಸೀಳುವ ಕೆಲಸ ಮಾಡಬೇಕಾಗಿಲ್ಲ. ಬೇರೆಯವರ ಹಿಂದೆ ಆರಾಮಾಗಿ ಕೂತು ಬಂದು, ರೇಸು ಮುಗಿಯುವ ರೂಬೆಯ ವೆಲೋಡ್ರೋಮ್‌ನಲ್ಲಿ (ಸೈಕಲ್ ಟ್ರ್ಯಾಕ್) ಕೊನೆಯ ಓಟ ಹೊಡೆದರೆ ಸಾಕು. ಎರಡನೇ ಹೆಸರಿಗೆ ಜನ ಎರಡನೇ ಬಲಶಾಲಿಯನ್ನು ಹುಡುಕುತ್ತಾರೆ. ನಾನು ಬಲಶಾಲಿಯ ಜೊತೆಗಾರರಲ್ಲಿ ಸ್ಪ್ರಿಂಟ್ ಚೆನ್ನಾಗಿರುವವನು ಯಾರು ಅಂತ ನೋಡುತ್ತೇನೆ.

ವಿಜಯಪುರದಿಂದ:
ನಮ್ಮ ಕಡೆ ಸೈಕಲ್ ಹುಚ್ಚು ಜಾಸ್ತಿ, ನಾನೂ ಹುಡುಗನಾಗಿದ್ದಾಗ ನಾಲ್ಕೈದು ರೇಸು ಹೊಡೆದವನು. ಇಕ್ಕಟ್ಟು ದಾರಿಗೆ ಹಿಂದೆ ಉಳಿದು ಹೊಕ್ಕರೆ ಕಥೆ ಮುಗಿಯಿತು. ಮುಂದಿನವನು ಬಿದ್ದರೆ ನಿನ್ನ ಕಾಲೂ ನೆಲಕ್ಕೆ. ಅರೆನ್‌ಬರ್ಗ್ ಕಾಡಿನ ದಾರಿ ಹಾಗೇ, ಮುಗಿಯಲು ಇನ್ನೂ 95 ಕಿ.ಮೀ. ಇರುವಾಗ ಬರುತ್ತದೆ. ಅದಕ್ಕೇ ಉಳಿದವರನ್ನು ಹಿಂದೆ ಬಿಟ್ಟು ಮುಂಚೆಯೇ ಓಡುವ ಗುಂಪನ್ನು ಸಸಾರ ಮಾಡಬೇಡಿ ಅಕ್ಕ. ಹೇಮನ್ ಅಂಥ ಗುಂಪಿನಲ್ಲೇ ಇದ್ದವನು. 2018ರಲ್ಲಿ ಡಿಲಿಯೆ ಕೂಡ, ಸಗಾನ್ ಹಿಂದೆ ಎರಡನೇ ಸ್ಥಾನ ತಗೊಂಡ. 2023ರ ಮಹಿಳೆಯರ ರೇಸಿನಲ್ಲಿ ಅಲಿಸನ್ ಜಾಕ್ಸನ್ ಹಾಗೇ ಹೋಗಿ ಗೆದ್ದೇ ಬಿಟ್ಟಳು. ಮೂರನೇ ಹೆಸರು ಅಂಥ ಒಬ್ಬನಿಗೆ ಬಿಡಿ.

ಕೇಳಿದವರು:
ಯಾರು ಮುಂಚೆ ಓಡುತ್ತಾರೆ ಅಂತ ಶುಕ್ರವಾರ ನನಗೆ ಹೇಗೆ ಗೊತ್ತಾಗಬೇಕು ಅಣ್ಣಾ?

ವಿಜಯಪುರದಿಂದ:
ಗೊತ್ತಾಗಲ್ಲ. ಅದಕ್ಕೇ ನಾನು ಯಾವತ್ತೂ ಗೆದ್ದಿಲ್ಲ.

ಕೇಳಿದವರು:
ಸರಿ, ಹೀಗೆ ಬರೆಯುತ್ತೇನೆ. ಮೊದಲನೆಯದು ವಾನ್ ಡರ್ ಪೂಲ್. ಎರಡನೆಯದು ಬ್ರಸೆಲ್ಸ್ ಅವರ ಲೆಕ್ಕದಲ್ಲಿ ಫಿಲಿಪ್ಸನ್. ಮೂರನೆಯದು ಆಂಟ್ವರ್ಪ್ ಅವರ ಪಟ್ಟಿಯಿಂದ ಪೇಡರ್ಸನ್, 2024 ಮತ್ತು 2025 ಎರಡರಲ್ಲೂ ಅವನೇ ಮೂರನೆಯವನು. ಮಳೆಯ ಸೂಚನೆ ಇದ್ದರೆ ಗುರುವಾರ ರಾತ್ರಿ ಮತ್ತೆ ಬಂದು ಕೇಳುತ್ತೇನೆ.