ಸಹಾಯ ಬೇಕು: ರಕ್ಷಣೆಯೇ ಅಪಾಯವಾಗುವುದು ಹೇಗೆ?

ಗೌರವಾನ್ವಿತ ಸದಸ್ಯರೇ, ಪದವಿ ವಿದ್ಯಾರ್ಥಿಗಳಿಗೆ ಅಣ್ವಸ್ತ್ರ ನೀತಿಯ ಪಾಠ ಮಾಡಬೇಕಾಗಿರುವ ನನಗೆ ನಿಮ್ಮ ನೆರವು ಬೇಕು. ಕ್ಷಿಪಣಿಗಳನ್ನು ಆಕಾಶದಲ್ಲೇ ತಡೆಯುವ ವ್ಯವಸ್ಥೆಗಳಿಗೆ ಮಿತಿ ಹೇರುವ ಒಪ್ಪಂದಕ್ಕೆ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ 1972ರಲ್ಲಿ ಸಹಿ ಹಾಕಿದವು. ತನ್ನನ್ನು ಪೂರ್ತಿಯಾಗಿ ಕಾಪಾಡಿಕೊಳ್ಳಬಲ್ಲ ದೇಶವು ಪ್ರತೀಕಾರದ ಭಯವಿಲ್ಲದೆ ಮೊದಲು ದಾಳಿ ಮಾಡೀತು ಎಂಬುದು ಅದರ ಹಿಂದಿದ್ದ ತರ್ಕ. ಎರಡೂ ಕಡೆಯ ನಾಗರಿಕರು ಅಸುರಕ್ಷಿತರಾಗಿ ಉಳಿಯುವುದೇ ಶಾಂತಿಗೆ ಆಧಾರ ಎಂಬ ಈ ವಾದವನ್ನು ಒಪ್ಪಲು ಮನಸ್ಸು ಹಿಂಜರಿಯುತ್ತದೆ. ನಮ್ಮ ಅನುಭವ ಇನ್ನೂ ಜಟಿಲವಾದದ್ದು: 1998ರ ಮೇ ತಿಂಗಳಲ್ಲಿ ಭಾರತ, ಪಾಕಿಸ್ತಾನ ಎರಡೂ ಅಣು ಪರೀಕ್ಷೆ ನಡೆಸಿದವು, ಮರುವರ್ಷವೇ ಕಾರ್ಗಿಲ್ ಯುದ್ಧವಾಯಿತು. ಅಣ್ವಸ್ತ್ರವು ದೊಡ್ಡ ಯುದ್ಧವನ್ನು ತಡೆಯುತ್ತದೆಂಬ ಭರವಸೆಯೇ ಸಣ್ಣ ಯುದ್ಧಕ್ಕೆ ಧೈರ್ಯ ಕೊಟ್ಟಿತೆ? ನಿಯಂತ್ರಣ ರೇಖೆ ದಾಟದಂತೆ ವಾಯುಪಡೆಗೆ ಆದೇಶಿಸಿದ್ದ ಭಾರತದ ಸಂಯಮಕ್ಕೆ ಅಣುಭೀತಿಯೇ ಕಾರಣವೆ, ರಾಜತಾಂತ್ರಿಕ ಲೆಕ್ಕಾಚಾರವೆ? ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.