ಡೌನ್ ಟ್ಯೂಬಿನ ತಳಕ್ಕೆ ಕಲ್ಲೇಟು: ಫಿಲ್ಮ್ ಅಂಟಿಸಿದ್ದರೂ ತಗ್ಗು ಬಿದ್ದಿದೆ, ಪೆಡಲ್ ತುಳಿದರೆ ಸದ್ದು ಬರುತ್ತಿದೆ

ನಾಲೆ ಏರಿ ಸವಾರ, ಮೈಸೂರು:

ಎಲ್ಲರಿಗೂ ನಮಸ್ಕಾರ. ನನ್ನದು ಅಲ್ಯೂಮಿನಿಯಂ ಫ್ರೇಮಿನ, ಮುಂದೆ ಮಾತ್ರ 100 ಮಿ.ಮೀ.ವರೆಗೆ ಕುಸಿಯಬಲ್ಲ ಏರ್ ಫೋರ್ಕ್ (ಗಾಳಿಯ ಒತ್ತಡದ ಶಾಕ್ ಅಬ್ಸಾರ್ಬರ್) ಇರುವ 29 ಇಂಚಿನ ಮೌಂಟನ್ ಬೈಕು. ವಾರದಲ್ಲಿ ಎರಡು ದಿನ ಬೆಳಗಿನ ಜಾವ ಮನೆಯಿಂದ ಹೊರಟು, ಶ್ರೀರಂಗಪಟ್ಟಣ ದಾಟಿ, ವಿಶ್ವೇಶ್ವರಯ್ಯ ನಾಲೆಯ ಏರಿ ಹಿಡಿದು, ಪಾಂಡವಪುರದ ಕುಂತಿಬೆಟ್ಟದ ಬುಡದ ಕಲ್ಲುದಾರಿಗಳಲ್ಲಿ ಒಂದು ಸುತ್ತು ಹಾಕಿ ಹಿಂದಿರುಗುತ್ತೇನೆ. ಏರಿಯ ಮೇಲೆ ಅಲ್ಲಲ್ಲಿ ಜಲ್ಲಿ ಹರಡಿರುವುದರಿಂದ ಮುಂದಿನ ಚಕ್ರ ಎಸೆಯುವ ಕಲ್ಲುಗಳು ಡೌನ್ ಟ್ಯೂಬಿನ (ಹ್ಯಾಂಡಲ್ ಕೆಳಗಿನಿಂದ ಪೆಡಲಿನ ಕಡೆಗೆ ಓರೆಯಾಗಿ ಇಳಿಯುವ ಕೊಳವೆಯ) ತಳಕ್ಕೆ ಪಟಪಟನೆ ಬಡಿಯುತ್ತಲೇ ಇರುತ್ತವೆ. ಒಂದೇ ವರ್ಷದಲ್ಲಿ ಅಲ್ಲಿನ ಬಣ್ಣ ರಾಗಿ ಎರಚಿದಂತೆ ಚುಕ್ಕಿ ಚುಕ್ಕಿಯಾಗಿ ಎದ್ದುಹೋಗಿದೆ.

ನಾಲ್ಕು ತಿಂಗಳ ಹಿಂದೆ, ಸ್ಕೂಟರುಗಳಿಗೆ ರೇಡಿಯಂ ಕತ್ತರಿಸಿ ಅಂಟಿಸುವ ಅಂಗಡಿಯೊಂದರಲ್ಲಿ ಪಾರದರ್ಶಕ ಹಾಳೆಯನ್ನು ಹಾಕಿಸಿದ್ದೆ. ಮಳೆಗಾಲದಲ್ಲಿ ಅದರ ಅಂಚುಗಳು ಎದ್ದು ಒಳಗೆ ಕೆಮ್ಮಣ್ಣು ತುಂಬಿಕೊಂಡಿತು, ಕಿತ್ತು ತೆಗೆಯಲು ಹೋದಾಗ ಎರಡು ಕಡೆ ಬಣ್ಣವೂ ಜೊತೆಯಲ್ಲೇ ಬಂತು. ಹಾಗೆ ಕೀಳುವಾಗಲೇ, ಬಾಟಮ್ ಬ್ರ್ಯಾಕೆಟ್ಟಿನಿಂದ (ಪೆಡಲಿನ ಅಚ್ಚು ಕೂರುವ ಭಾಗದಿಂದ) ನಾಲ್ಕು ಬೆರಳು ಮೇಲಕ್ಕೆ ಹೆಬ್ಬೆರಳಿನ ಉಗುರಿನಷ್ಟು ಅಗಲದ ಒಂದು ತಗ್ಗು ಕಣ್ಣಿಗೆ ಬಿತ್ತು. ಈಚೆಗೆ ಏರು ಹತ್ತುವಾಗ ಟಿಕ್ ಟಿಕ್ ಎಂಬ ಸದ್ದು ಕೂಡ ಬರುತ್ತಿದೆ. ಒಬ್ಬ ಮೆಕ್ಯಾನಿಕ್ ಸೈಕಲ್ಲನ್ನು ತಿರುಗಿಸಿಯೂ ನೋಡದೆ ಫ್ರೇಮ್ ಹೋಯಿತು ಎಂದುಬಿಟ್ಟರು. ಫ್ರೇಮ್ ನಿಜವಾಗಿಯೂ ಬಿರುಕು ಬಿಟ್ಟಿದೆಯೇ? ತಗ್ಗನ್ನು ವೆಲ್ಡಿಂಗ್ ಅಂಗಡಿಯಲ್ಲಿ ತುಂಬಿಸಬಹುದೇ? ಮುಂದೆ ಹೀಗಾಗದಂತೆ ಇನ್ನೂ ದಪ್ಪನೆಯ ಯಾವ ಹಾಳೆಯನ್ನು ಅಂಟಿಸಬೇಕು?

ಹಳೇ ಸ್ಪ್ಯಾನರ್, ಮಂಡ್ಯ:

ವೆಲ್ಡಿಂಗ್ ಅಂಗಡಿಯ ಕಡೆಗೆ ದಯವಿಟ್ಟು ಹೋಗಬೇಡಿ, ಕಾರಣವನ್ನು ಆಮೇಲೆ ಹೇಳುತ್ತೇನೆ. ಸದ್ದಿನ ಮೂಲ ಗೊತ್ತಾಗುವವರೆಗೆ ಕಲ್ಲುದಾರಿಗೂ ಇಳಿಯಬೇಡಿ. ಮೊದಲು ತಳವನ್ನು ಸೋಪು ನೀರಿನಿಂದ ತೊಳೆದು ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ ಇಷ್ಟನ್ನು ತಿಳಿಸಿ. ತಗ್ಗಿನ ಅಂಚು ಬಟ್ಟಲಿನಂತೆ ನುಣುಪಾಗಿದೆಯೇ ಅಥವಾ ಮಡಿಕೆ ಬಿದ್ದಂತೆ ಚೂಪಾಗಿದೆಯೇ? ಅದರ ಸುತ್ತ ಗೀರುಗಳಿದ್ದರೆ ಅವು ಯಾವ ದಿಕ್ಕಿಗೆ ಸಾಗಿವೆ? ಸದ್ದು ಪೆಡಲಿನ ಪ್ರತಿ ಸುತ್ತಿಗೆ ಒಂದು ಸಲ ಬರುತ್ತದೆಯೇ, ಸೀಟಿನಿಂದ ಎದ್ದು ತುಳಿದಾಗಲೂ ಬರುತ್ತದೆಯೇ? ಕೊನೆಯದಾಗಿ, ನೀವು ಸೈಕಲ್ಲಿನ ಮೇಲೆ ಸುಮ್ಮನೆ ಕುಳಿತಾಗ ಫೋರ್ಕ್ ಎಷ್ಟು ಇಳಿಯುತ್ತದೆ ಎಂಬುದನ್ನು ಅಳೆಯಿರಿ. ಈ ಪ್ರಶ್ನೆ ಸಂಬಂಧವಿಲ್ಲದ್ದೆಂದು ತೋರಬಹುದು, ಆದರೂ ಅಳೆಯಿರಿ.

ನಾಲೆ ಏರಿ ಸವಾರ, ಮೈಸೂರು:

ತೊಳೆದು ನೋಡಿದೆ. ತಗ್ಗಿನ ಅಂಚು ನುಣುಪಾಗಿದೆ, ಉಗುರು ಎಲ್ಲಿಯೂ ಸಿಕ್ಕಿಕೊಳ್ಳುವುದಿಲ್ಲ. ಆದರೆ ಅದರ ಮುಂದಿನಿಂದ ಹಿಂದಕ್ಕೆ ಎರಡು ಅಂಗುಲ ಉದ್ದದ ನಾಲ್ಕೈದು ಗೀರುಗಳಿವೆ, ದೊಡ್ಡ ಚೈನ್‌ರಿಂಗಿನ (ಪೆಡಲಿನ ಬಳಿ ಚೈನ್ ಕೂರುವ ಹಲ್ಲುಚಕ್ರದ) ಎರಡು ಹಲ್ಲುಗಳ ತುದಿ ಮೊಂಡಾಗಿದೆ. ಸದ್ದು ಎಡಗಾಲಿನಿಂದ ಒತ್ತಿದಾಗ ಸುತ್ತಿಗೊಂದು ಸಲ ಬರುತ್ತದೆ, ಎದ್ದು ತುಳಿದರೂ ನಿಲ್ಲುವುದಿಲ್ಲ. ಫೋರ್ಕ್ 38 ಮಿ.ಮೀ. ಇಳಿಯುತ್ತಿದೆ.

ಹಳೇ ಸ್ಪ್ಯಾನರ್, ಮಂಡ್ಯ:

ಹಾಗಾದರೆ ನಿಮಗೆ ಬಿದ್ದಿರುವುದು ಎರಡು ಬಗೆಯ ಏಟು. ಎರಡಕ್ಕೂ ಒಂದೇ ಹಾಳೆಯನ್ನು ಮದ್ದೆಂದು ನಂಬಿದ್ದರಿಂದಲೇ ಈ ತೊಡಕು ಬಂದಿದೆ.

ಚಕ್ರ ಎಸೆಯುವ ಕಲ್ಲಿನ ಲೆಕ್ಕವನ್ನು ಮೊದಲು ನೋಡೋಣ. ಟೈರಿನಿಂದ ಬಿಡಿಸಿಕೊಂಡು ಹಾರುವ ಕಲ್ಲು, ಫ್ರೇಮಿಗೆ ಹೋಲಿಸಿದರೆ, ಹೆಚ್ಚೆಂದರೆ ನಿಮ್ಮ ಸೈಕಲ್ಲಿನ ವೇಗದಲ್ಲಿರುತ್ತದೆ. ಗಂಟೆಗೆ 25 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 7 ಮೀಟರ್. ಕಟ್ಟಡಕ್ಕೆ ಬಳಸುವ 20 ಎಂ.ಎಂ. ಜಲ್ಲಿಯ ಒಂದು ಕಲ್ಲನ್ನು ಗುಂಡಗಿದೆಯೆಂದು ಭಾವಿಸಿದರೆ ಅದರ ತೂಕ 11 ಗ್ರಾಂ ಆಗುತ್ತದೆ, ಏಟಿನ ಶಕ್ತಿ ಕಾಲು ಜೂಲ್‌ಗಿಂತ ಸ್ವಲ್ಪ ಹೆಚ್ಚು. 40 ಎಂ.ಎಂ. ಜಲ್ಲಿಯಾದರೆ ತೂಕ ಎಂಟು ಪಟ್ಟಾಗಿ ಶಕ್ತಿ 2 ಜೂಲ್ ದಾಟುತ್ತದೆ. ಇಷ್ಟು ಏಟು ಬಣ್ಣವನ್ನು ಎಬ್ಬಿಸಲು ಸಾಕು, ಏಕೆಂದರೆ ನಮ್ಮ ಕಡೆಯ ಕಲ್ಲಿನಲ್ಲಿರುವ ಬೆಣಚಿನ ಗಡಸುತನ ಮೋಸ್ ಮಾಪಕದಲ್ಲಿ 7, ಅಲ್ಯೂಮಿನಿಯಮ್ಮಿನದು 3ಕ್ಕೂ ಕಡಿಮೆ. ಆದರೆ ಕೊಳವೆಯನ್ನು ಉಗುರಿನಗಲ ತಗ್ಗಿಸಲು ಅದು ಸಾಲದು. ಅದೇ 14 ಕಿಲೋ ತೂಕದ ಸೈಕಲ್ಲು, ಸವಾರನ ತೂಕ ಬಿಟ್ಟು, ಒಂದು ಗೇಣಿನ ಅರ್ಧದಷ್ಟು, ಅಂದರೆ 10 ಸೆಂ.ಮೀ. ಮೇಲಿನಿಂದ ಬಂಡೆಯ ಮೊನೆಯ ಮೇಲೆ ಕುಳಿತರೂ ಏಟು ಸುಮಾರು 14 ಜೂಲ್ ಆಗುತ್ತದೆ.

ಮುಂದಿನಿಂದ ಹಿಂದಕ್ಕೆ ಸಾಗಿದ ಗೀರು, ಮೊಂಡಾದ ಹಲ್ಲು, ಬಾಟಮ್ ಬ್ರ್ಯಾಕೆಟ್ಟಿನ ಹತ್ತಿರದ ತಗ್ಗು, ಈ ಮೂರೂ ಹೇಳುವುದು ಒಂದನ್ನೇ: ಕಲ್ಲು ಹಾರಿ ಬಂದದ್ದಲ್ಲ, ಸೈಕಲ್ಲೇ ಕಲ್ಲಿನ ಮೇಲೆ ಕುಳಿತು ಜಾರಿದೆ. ಕುಂತಿಬೆಟ್ಟದ ಬುಡದಲ್ಲಿ ಮುಂದಿನ ಚಕ್ರ ಬಂಡೆಯ ಅಂಚಿನಿಂದ ಧೊಪ್ಪನೆ ಇಳಿಯುವ ಜಾಗಗಳು ಎಷ್ಟಿವೆ ಎಂಬುದು ನಿಮಗೇ ಗೊತ್ತು. 100 ಮಿ.ಮೀ. ಫೋರ್ಕ್ ಸವಾರ ಕುಳಿತಾಗ 20ರಿಂದ 25 ಮಿ.ಮೀ. ಇಳಿದರೆ ಸಾಕು, ನಿಮ್ಮದು 38 ಇಳಿಯುತ್ತಿದೆ ಎಂದರೆ ಗಾಳಿ ಕಡಿಮೆಯಾಗಿದೆ, ಬಂಡೆ ಇಳಿಯುವಾಗ ಅದು ಇನ್ನೂ ಆಳಕ್ಕೆ ಕುಸಿದು ಡೌನ್ ಟ್ಯೂಬನ್ನು ಕಲ್ಲಿನ ಬಾಯಿಗೆ ಒಡ್ಡುತ್ತದೆ. ಮೊದಲ ರಿಪೇರಿ ಫೋರ್ಕಿಗೆ ಗಾಳಿ ತುಂಬುವ ಶಾಕ್ ಪಂಪಿನಿಂದ ಆಗಬೇಕು.

ಎರಡನೆಯದು ಚೈನ್‌ರಿಂಗ್. ನಿಮ್ಮ ದೊಡ್ಡ ರಿಂಗ್ 42 ಹಲ್ಲಿನದಾಗಿದ್ದರೆ ಅದರ ತ್ರಿಜ್ಯ 85 ಮಿ.ಮೀ., 32 ಹಲ್ಲಿನದಕ್ಕೆ 65 ಮಿ.ಮೀ., ಅಂದರೆ ದೊಡ್ಡದು ಬಂಡೆಗೆ 20 ಮಿ.ಮೀ. ಹತ್ತಿರ. ಕಲ್ಲುದಾರಿಯಲ್ಲಿ ದೊಡ್ಡ ರಿಂಗನ್ನು ಬಳಸುವವರು ಕಡಿಮೆ, ಅದನ್ನು ಬಿಚ್ಚಿ ಅದೇ ಬೋಲ್ಟುಗಳಿಗೆ ಹಲ್ಲಿಲ್ಲದ ರಕ್ಷಣೆಯ ಬಳೆ, ಅಂದರೆ ಬ್ಯಾಶ್ ಗಾರ್ಡ್ ಹಾಕಿಕೊಂಡರೆ ಬಂಡೆ ತಗುಲಿದಾಗ ಸೈಕಲ್ಲು ಕಚ್ಚಿಕೊಳ್ಳದೆ ಜಾರುತ್ತದೆ.

ಇನ್ನು ಬಿರುಕಿನ ವಿಚಾರ. ಕೊಳವೆಯ ನಡುಭಾಗವನ್ನು ತೆಳ್ಳಗೂ ವೆಲ್ಡಿನ ಬಳಿ ದಪ್ಪಗೂ ಮಾಡಿರುವುದು ಸಾಮಾನ್ಯ. ನುಣುಪು ಅಂಚಿನ, ವೆಲ್ಡಿನಿಂದ ದೂರವಿರುವ ಆಳವಿಲ್ಲದ ತಗ್ಗಿನೊಂದಿಗೆ ಅಲ್ಯೂಮಿನಿಯಂ ಫ್ರೇಮ್ ಬಹುಕಾಲ ಬಾಳುವುದುಂಟು. ಚೂಪಾದ ಮಡಿಕೆ ಅಥವಾ ವೆಲ್ಡಿಗೆ ತಾಗಿದ ತಗ್ಗು ಇದ್ದರೆ ನಾನೂ ಆ ಮೆಕ್ಯಾನಿಕ್ ಹೇಳಿದ್ದನ್ನೇ ಹೇಳುತ್ತಿದ್ದೆ. ತಗ್ಗಿನ ಸುತ್ತ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದು ತಾರೀಖು ಬರೆದಿಡಿ. ಪ್ರತಿ ಸವಾರಿಯ ನಂತರ ಒರೆಸಿ ನೋಡಿ. ಒರೆಸಿದರೂ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಕೂದಲೆಳೆಯಷ್ಟು ಕಪ್ಪು ಗೆರೆಯನ್ನು ಬಿರುಕೆಂದೇ ತಿಳಿದು ಸವಾರಿ ನಿಲ್ಲಿಸಿ. ಅನುಮಾನ ಉಳಿದರೆ ಹೆಬ್ಬಾಳ, ಹೂಟಗಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಡೈ ಪೆನಿಟ್ರೆಂಟ್ ಪರೀಕ್ಷೆ ಮಾಡುವವರು ಇದ್ದಾರೆಯೇ ಎಂದು ವಿಚಾರಿಸಿ. ಬಣ್ಣ ಕೆರೆದ ಲೋಹದ ಮೇಲೆ ಕೆಂಪು ದ್ರವ ಹಚ್ಚಿ, ಒರೆಸಿ, ಬಿಳಿ ಪುಡಿ ಸಿಂಪಡಿಸಿದಾಗ ಬಿರುಕಿನೊಳಗೆ ಉಳಿದ ಕೆಂಪು ಗೆರೆಯಾಗಿ ಮೇಲೆ ಬರುತ್ತದೆ.

ವೆಲ್ಡಿಂಗ್ ಬೇಡವೆಂದದ್ದು ಇದಕ್ಕೆ: 6061 ಮಿಶ್ರಲೋಹದ ಫ್ರೇಮಿಗೆ ಟಿ6 ಎಂಬ ಬಲ ಬಂದಿರುವುದು ಕುಲುಮೆಯ ಹದದಿಂದ. ಮತ್ತೆ ಬೆಸುಗೆ ಹಾಕಿದರೆ ಅದರ ಸುತ್ತಲಿನ ಬಲ ಅರ್ಧದಷ್ಟಕ್ಕೆ ಇಳಿಯುತ್ತದೆ, ಇಡೀ ಫ್ರೇಮನ್ನು ಪುನಃ ಹದಗೊಳಿಸದ ಹೊರತು ಅದು ಹಿಂದಿರುಗುವುದಿಲ್ಲ.

ಸದ್ದು ನೀವು ಹೇಳಿದಂತಿದ್ದರೆ ಎಡ ಪೆಡಲಿನ ಮರೆ (ತಿರುಪಿನ ಸುತ್ತು, ಥ್ರೆಡ್) ಒಣಗಿರಬೇಕು. ಬಿಚ್ಚಿ ಗ್ರೀಸ್ ಹಚ್ಚಿ, ಎಡ ಪೆಡಲಿನ ಮರೆ ಉಲ್ಟಾ ಎಂಬುದು ನೆನಪಿರಲಿ. ಅದರಿಂದ ನಿಲ್ಲದಿದ್ದರೆ ಕ್ರ್ಯಾಂಕ್ (ಪೆಡಲನ್ನು ಹಿಡಿದಿರುವ ತೋಳು) ಬೋಲ್ಟನ್ನು ನೋಡಿ.

ಕುವೆಂಪುನಗರ ಗೇರ್, ಮೈಸೂರು:

ಮೇಲಿನ ಮಾತಿಗೆ ನನ್ನ ಒಪ್ಪಿಗೆಯಿದೆ, ಆದರೆ ಫಿಲ್ಮನ್ನು ತೀರ ಕಡೆಗಣಿಸಬಾರದು. ನಿಮಗೆ ಅಂಟಿಸಿದ್ದು ಬಹುಶಃ ಸ್ಟಿಕ್ಕರಿನ ವಿನೈಲ್. ಬೇಕಾಗಿರುವುದು ಪಾಲಿಯುರೆಥೇನ್ ಫಿಲ್ಮ್. ಕಾರುಗಳಿಗೆ ಪಿಪಿಎಫ್ (ಬಣ್ಣ ಕಾಯುವ ಫಿಲ್ಮ್) ಹಾಕುವವರ ಬಳಿ ಕತ್ತರಿಸಿ ಉಳಿದ ತುಂಡುಗಳು ಸಿಗುತ್ತವೆ. ಅದು ಸುಮಾರು 0.2 ಮಿ.ಮೀ. ದಪ್ಪವಿರುತ್ತದೆ. ಸೈಕಲ್ಲಿನವರು ಹೆಲಿಕಾಪ್ಟರ್ ಟೇಪ್ ಎನ್ನುವುದೂ ಇದೇ ಜಾತಿಯದು, ಹೆಲಿಕಾಪ್ಟರಿನ ರೆಕ್ಕೆಯ ಅಂಚು ಮರಳಿಗೆ ಸವೆಯದಂತೆ ತಡೆಯಲು ಬಳಸುವುದರಿಂದ ಆ ಹೆಸರು. 3ಎಂ 8671 ಎಂಬುದು 0.36 ಮಿ.ಮೀ. ದಪ್ಪ.

ಅಂಚು ಎದ್ದದ್ದು ಅಂಟಿಸಿದ ಕ್ರಮದ ತಪ್ಪು. ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಜಿಡ್ಡು ತೆಗೆಯಬೇಕು. ಹಾಳೆಯ ಮೂಲೆಗಳನ್ನು ಚೌಕವಾಗಿ ಬಿಡದೆ ನಾಣ್ಯವಿಟ್ಟು ದುಂಡಗೆ ಕತ್ತರಿಸಬೇಕು. ಒಂದು ಬಾಟಲಿ ನೀರಿಗೆ ನಾಲ್ಕು ಹನಿ ಬೇಬಿ ಶಾಂಪೂ ಹಾಕಿ ಎರಡೂ ಮೈಗೆ ಸಿಂಪಡಿಸಿದರೆ ಹಾಳೆಯನ್ನು ಸರಿಸಿ ಕೂರಿಸಲು ಅವಕಾಶ ಸಿಗುತ್ತದೆ, ನಂತರ ನಡುವಿನಿಂದ ಅಂಚಿಗೆ ನೀರನ್ನು ಒತ್ತಿ ಹೊರಹಾಕಿ, ಹೇರ್ ಡ್ರೈಯರಿನಿಂದ ಅಂಚುಗಳನ್ನು ಬೆಚ್ಚಗೆ ಮಾಡಿ ಒತ್ತಬೇಕು. ಒಂದು ದಿನ ಪೂರ್ತಿ ನೀರು ತಾಗಿಸಬಾರದು. ಬಾಟಮ್ ಬ್ರ್ಯಾಕೆಟ್ಟಿನ ತಳದಲ್ಲಿ ನೀರು ಬಸಿಯುವ ತೂತಿದ್ದರೆ ಅದನ್ನು ಮುಚ್ಚಬೇಡಿ. ತೆಗೆಯುವಾಗಲೂ ಬಿಸಿ ಮಾಡಿಯೇ ತೆಗೆಯಿರಿ, ಆಗ ಬಣ್ಣ ಉಳಿಯುತ್ತದೆ.

ಪಂಕ್ಚರ್ ಅಂಗಡಿಯ ಹಳೆಯ ಟೈರನ್ನು ಕತ್ತರಿಸಿ ಕಟ್ಟಿದರೆ ಸಾಕು ಎನ್ನುವವರಿದ್ದಾರೆ, ನಾನೂ ಒಂದು ಕಾಲಕ್ಕೆ ಕಟ್ಟಿದ್ದೆ. ಅದರೊಳಗೆ ಸೇರಿದ ಗದ್ದೆಬಯಲಿನ ಕೆಸರು ಉಪ್ಪುಕಾಗದದಂತೆ ಉಜ್ಜಿ, ಕಲ್ಲು ಮಾಡದ ಹಾನಿಯನ್ನು ಮಾಡಿತ್ತು.

ಒಣಭೂಮಿ, ನಾಗಮಂಗಲ:

ಬಂಡೆಯ ಏಟಿಗೆ ನಾನು ಮಾಡಿಕೊಂಡದ್ದನ್ನು ಹೇಳುತ್ತೇನೆ. ನಮ್ಮ ಕಡೆ ಜಮೀನುಗಳಲ್ಲಿ ಸ್ಪ್ರಿಂಕ್ಲರಿಗೆ ಎಳೆಯುವ ಕಪ್ಪು ಎಚ್‌ಡಿಪಿಇ ಪೈಪು, 75 ಮಿ.ಮೀ.ನದು, ಒಡೆದ ತುಂಡಾಗಿ ಯಾರ ಹಿತ್ತಲಿನಲ್ಲಾದರೂ ಬಿದ್ದಿರುತ್ತದೆ. ಒಂದಡಿ ಕತ್ತರಿಸಿ ಉದ್ದಕ್ಕೆ ಸೀಳಿದರೆ ಎರಡು ಕವಚವಾಗುತ್ತದೆ. ಪಿವಿಸಿ ಪೈಪನ್ನು ಕುದಿಯುವ ನೀರಿನಲ್ಲಿ ಮೆದುವಾಗಿಸಿ ಬಾಗಿಸುವುದು ಸುಲಭ, ಆದರೆ ಬಿಸಿಲಿನಲ್ಲಿ ಹಳೆಯದಾದಂತೆ ಅದು ಏಟಿಗೆ ಸೀಳುತ್ತದೆ. ಎಚ್‌ಡಿಪಿಇ ತಗ್ಗಿ ಮತ್ತೆ ಮೇಲೇಳುತ್ತದೆ. ಒಳಗೆ 5 ಮಿ.ಮೀ. ದಪ್ಪದ ಹಳೆಯ ಯೋಗ ಮ್ಯಾಟಿನ ಪಟ್ಟಿ ಇಡಿ, ಮೈಸೂರಿನಲ್ಲಿ ಅದಕ್ಕೇನೂ ಬರವಿಲ್ಲ. ಗಟ್ಟಿ ಕವಚ ಮೊನೆಯ ಏಟನ್ನು ಅಗಲಕ್ಕೆ ಹರಡುತ್ತದೆ, ಮೆತ್ತೆ ಉಳಿದದ್ದನ್ನು ಹೀರಿಕೊಳ್ಳುತ್ತದೆ. ಎಚ್‌ಡಿಪಿಇಗೆ ಅಂಟು ಹಿಡಿಯುವುದಿಲ್ಲವಾದ್ದರಿಂದ ವೆಲ್ಕ್ರೋ ಪಟ್ಟಿಯಲ್ಲಿ ಬಿಗಿಯಿರಿ. ಪಟ್ಟಿಯ ಅಡಿಗೆ ಮಾತ್ರ ಫಿಲ್ಮ್ ಇರಲಿ. ತಿಂಗಳಿಗೊಮ್ಮೆ ಬಿಚ್ಚಿ ತೊಳೆಯಲೇಬೇಕು, ಇಲ್ಲದಿದ್ದರೆ ಟೈರಿನ ಕಥೆಯೇ ಇದಕ್ಕೂ ಆಗುತ್ತದೆ.

ನಾಲೆ ಏರಿ ಸವಾರ, ಮೈಸೂರು:

ಮೂವರಿಗೂ ಧನ್ಯವಾದಗಳು. ಪೆಡಲಿನ ಮರೆಗೆ ಗ್ರೀಸ್ ಹಚ್ಚಿದರೂ ಸದ್ದು ನಿಲ್ಲಲಿಲ್ಲ. ಎಡ ಕ್ರ್ಯಾಂಕಿನ ಬೋಲ್ಟಿಗೆ ಕೀಲಿ ಹಾಕಿದರೆ ಮುಕ್ಕಾಲು ಸುತ್ತು ತಿರುಗಿತು. 40 ನ್ಯೂಟನ್ ಮೀಟರಿಗೆ ಬಿಗಿದ ಮೇಲೆ ಏರಿನಲ್ಲಿಯೂ ಸದ್ದಿಲ್ಲ.

ಹಳೇ ಸ್ಪ್ಯಾನರ್, ಮಂಡ್ಯ:

ಎರಡು ಸವಾರಿಗಳ ನಂತರ ಆ ಬೋಲ್ಟನ್ನು ಮತ್ತೊಮ್ಮೆ ಪರೀಕ್ಷಿಸಿ. ಸಡಿಲವಾಗಿಯೇ ಬಹಳ ದಿನ ತುಳಿದಿದ್ದರೆ ಕ್ರ್ಯಾಂಕಿನ ಚೌಕ ತೂತು ಸವೆದಿರುತ್ತದೆ, ಆಗ ಬಿಗಿದರೂ ನಿಲ್ಲುವುದಿಲ್ಲ, ಆ ಕಡೆಯ ಕ್ರ್ಯಾಂಕನ್ನೇ ಬದಲಾಯಿಸಬೇಕಾಗುತ್ತದೆ.

ನಾಲೆ ಏರಿ ಸವಾರ, ಮೈಸೂರು:

ಪರೀಕ್ಷಿಸಿದೆ, ಬೋಲ್ಟ್ ಕದಲಿಲ್ಲ. ಈ ನಡುವೆ ಫೋರ್ಕಿಗೆ ಗಾಳಿ ತುಂಬಿ ಇಳಿತವನ್ನು 24 ಮಿ.ಮೀ.ಗೆ ತಂದೆ, 42ರ ರಿಂಗನ್ನು ಬಿಚ್ಚಿ ಬ್ಯಾಶ್ ಗಾರ್ಡ್ ಹಾಕಿದೆ, ಮೇಲ್ಭಾಗಕ್ಕೆ ಫಿಲ್ಮ್, ಕೆಳಗಿನ ಒಂದಡಿಗೆ ಪೈಪಿನ ಕವಚ. ಆರು ಸವಾರಿಗಳಾದವು. ಮಾರ್ಕರಿನ ಗೆರೆಯೊಳಗೆ ಹೊಸದೇನೂ ಕಾಣಿಸಿಲ್ಲ. ಕವಚದ ಮೇಲೆ ಮಾತ್ರ ಕಾಳುಮೆಣಸಿನಷ್ಟು ಆಳದ ಎರಡು ಗಾಯಗಳಿವೆ. ನಾಲೆಯ ಸೇತುವೆಗಳ ಮೇಲೆ ಕವಚ ಸ್ವಲ್ಪ ಗಡಗಡ ಎನ್ನುತ್ತದೆ, ಇವತ್ತು ಸಂಜೆ ಮ್ಯಾಟಿನ ಇನ್ನೊಂದು ಪಟ್ಟಿ ಸೇರಿಸುತ್ತೇನೆ.